ಹೆಬ್ಬೆರಳು ಹೊರಗ

ಗುಳಿಗಿ ಬರದ್ರು, ಮುಲಾಮು ಬರದ್ರು,
ಚೀಟಿಯೊಳಗ ಬರೀಲಾರದ್ದೊಂದು ಬಾಯಿಲೆ ಅಂದ್ರು ಡಾಕ್ಟರು:
‘ಏನರೆ ಒಂದು ಆಟ ಆಡವಾ.’
ದಿನಕ್ಕ ಒಂಬತ್ತು ತಾಸು ಪ್ರೆಸ್ಸಿನ ಕುರ್ಚಿ.
ಲಗ್ನಪತ್ರಿಕೆ, ಜವಳದ ಕಾರ್ಡು, ಭಾವಪೂರ್ಣ ಶ್ರದ್ಧಾಂಜಲಿ,
ಮಂದಿ ಹೆಸರು ಕೂಡಿಸಿ ಕೂಡಿಸಿ
ನನ್ನ ಕುತ್ತಿಗಿ ಪ್ರಶ್ನಾರ್ಥಕ ಚಿಹ್ನೆ ಆಗಿತ್ತು.

ಹಿಂಗಾಗಿ ಬಂದೆ ಬೆಟಗೇರಿಗೆ,
ಒಂದಾನೊಂದು ಕಾಲಕ್ಕ ಹತ್ತಿ ಒಟ್ಟತಿದ್ದ ಗೋದಾಮಿಗೆ.
ಮುಂಜಾನೆ ಐದೂವರಿ.
ಒಂದು ಟ್ಯೂಬ್‌ಲೈಟು, ಹದಿನಾಲ್ಕು ಮಕ್ಕಳು,
ಕೊರಳಾಗ ಸೀಟಿ, ಕಾಲಾಗ ಹವಾಯಿ ಚಪ್ಪಲ್,
ಗಿಡ್ಡ ಆಳು ನದಾಫ ಸರ್.

‘ಕೈಗವಸು?’ ಅಂದೆ.
ಸರ್ ನೆಲ ತೋರಿಸಿದ್ರು. ಸುಣ್ಣದ ಒಂದು ಗೆರಿ.
‘ಮೊದಲ ನಿಲ್ಲೂದು ಕಲಿ. ಗುದ್ದೂದು ಎಲ್ಲೂ ಓಡಿ ಹೋಗೂದಿಲ್ಲ.’

ಹನ್ನೊಂದು ದಿವಸ ನಿಂತೆ.
ಎಡಗಾಲು ಮುಂದ, ಬಲಗಾಲಿನ ಹಿಮ್ಮಡ ಹಗೂರಕ ಎತ್ತಿ,
ಗದ್ದ ಕೆಳಗ, ಮೊಣಕೈ ಪಕ್ಕಡಿಗೆ ಹಚ್ಚಿ.
ಹಗ್ಗ ಜಿಗಿಯೂದರಾಗ ಇಪ್ಪತ್ತಕ್ಕ ಉಸಿರು ಕಿತ್ತು
ಕಿಡಕಿ ಸಳಿ ಹಿಡಕೊಂಡೆ.
ಎಂಟನೆತ್ತೆ ಕಲಿಯೂ ಹಬೀಬರ ಕಸ್ತೂರಿ
ಇನ್ನೂರು ಜಿಗದು, ನನ್ನ ಕಡೆ ನೋಡಿ, ನಗಲಿಲ್ಲ.
ನಕ್ಕಿದ್ರ ಪಾಡಿತ್ತು.

ಹನ್ನೆರಡನೇ ದಿನ ಚೀಲದ ಮುಂದ ನಿಲ್ಲಿಸಿದ್ರು.
ಅಂಗಡ್ಯಾಗ ಕೊಂಡದ್ದಲ್ಲ ಅದು.
ಸರ್ ಮನಿತನ ಗಾದಿ ಹೊಲಿಯೂದು,
ಅವರಪ್ಪ ಬಿಲ್ಲು ಹಿಡದು ಓಣಿ ಓಣಿ ಹತ್ತಿ ಹಿಂಜಿದವ.
ಊರ ಮಂದಿ ಬ್ಯಾಡಂದ ಗಾದಿ ಬಿಚ್ಚಿ
ತಾಡಪತ್ರಿಯೊಳಗ ತುರುಕಿ, ತಳಕ್ಕ ಎರಡು ಬುಟ್ಟಿ ಉಸುಕು ಸುರುವಿ
ಹೊಲದು ತೂಗಹಾಕಿದ್ರು.
‘ಎಷ್ಟು ಮನಿ ನಿದ್ದಿ ಐತಿ ಇದರಾಗ, ಗೊತ್ತೈತೇನು?’ ಅಂದ್ರು.
‘ಹೂಂ. ಎಬ್ಬಿಸು.’

ಗುದ್ದಿದೆ. ಮಣಿಕಟ್ಟು ಹೊಳ್ಳಿತು,
ಮೊಣಕೈತನಕ ಬೆಂಕಿ. ಚೀಲಕ್ಕ ಖಬರಿಲ್ಲ.
‘ಕೈ ಮರತಬಿಡು. ಕಾಲಿಂದ ಬರಲಿ.’
ಕಾಲಿಂದ ಗುದ್ದು ಹೆಂಗ ಬರತೈತಿ?
ಮೂರು ದಿನ ಕೇಳಿದೆ, ಮೂರು ದಿನ ಅದಽ ಮಾತು.
‘ಮತ್ತ ಹೋದಷ್ಟಽ ಜಲ್ದಿ ಹೊಳ್ಳಿ ಬರಬೇಕು.’

ಆಯಿತವಾರ. ಪ್ರೆಸ್ಸಿಗೆ ಸೂಟಿ.
ಹಿತ್ತಲ ಖೋಲ್ಯಾಗ ಆಯಿ ನೇಯಾಕ ಕುಂತಿದ್ಲು,
ಕುಣಿಯೊಳಗ ಕಾಲು ಇಳಿಬಿಟ್ಟು.
ಚಾ ಕೊಡಾಕ ಹೋದಾಕಿ ಅಲ್ಲೇ ನಿಂತೆ.
ಮೊದಲ ಹೆಬ್ಬಟ್ಟು ಹಲಗಿ ತುಳೀತು,
ಆಮ್ಯಾಲ ನಡ, ಆಮ್ಯಾಲ ಹೆಗಲು,
ಎಲ್ಲಾರಕಿಂತ ಹಿಂದ, ತನಗೇನೂ ಸಂಬಂಧ ಇಲ್ಲದವರಂಗ, ಕೈ.
ಲಾಳಿ ಹೋಗಿದ್ದು ಕಾಣೂದರಾಗ ಹೊಳ್ಳಿ ಬಂದಿತ್ತು.
ಹುಟ್ಟಿದಾಗಿಂದ ಕೇಳಿದ ಸಪ್ಪಳ.
ನೋಡಿದ್ದು ಅವತ್ತಽ.
ಚಾ ಆರಿತು. ಆಯಿ ಬೈದ್ಲು.

ಮರುದಿನ ಆಯಿಯ ಕಾಲು ತೊಗೊಂಡು ಗೋದಾಮಿಗೆ ಹೋದೆ.
ಚೀಲ ಹಂದಾಡಿತು. ಗೇಣಿನಷ್ಟಲ್ಲ, ನಾಕು ಬೆರಳು.
ಹೊಲಿಗಿ ಸಂದ್ಯಾಗಿಂದ ಧೂಳು ಎದ್ದು
ಯಾರದೋ ಮನಿಯ ಡಾಂಬರಗುಳಿಗಿ ವಾಸನಿ,
ಯಾವುದೋ ಕೂಸಿನ ಉಚ್ಚಿ, ಯಾರೋ ಜ್ವರ ಬಂದು ಮಲಗಿದ ಬೆವರು.
ಸರ್ ಏನೂ ಅನ್ನಲಿಲ್ಲ. ಸೀಟಿ ಊದಿ
‘ಮುಂದಿನವರು’ ಅಂದ್ರು.

ಪ್ರೆಸ್ಸಿನ ಮಾಲಕರಿಗೆ ಗೊತ್ತಾಗಿ ಕೇಳ್ತಾರ,
‘ಯಾರನ್ನ ಹೊಡಿಯಾಕ ತಯಾರಿ?’
ಹೆಸರಿಲ್ಲ ನನ್ನ ಹತ್ರ. ಹುಡುಕಿ ನೋಡಿದೆ, ಖರೇನ ಇಲ್ಲ.
ಮೂರನೇ ಮಜಲಿಗೆ ಕಾಗದದ ಕಟ್ಟು ಹೊತ್ತು ಏರತೇನಿ,
ನಡುವ ನಿಂತು ಉಸಿರು ಎಣಸೂದಿಲ್ಲ.
‘ತಂಗಿ, ಕೀಬೋರ್ಡು ಸಾವಕಾಶ ಬಡಿ, ಅದು ನಂದು’ ಅಂತಾರ.

ರಾತ್ರಿ ಆಯಿ ಮುಷ್ಟಿ ಕಟ್ಟಿ ತೋರಸ್ತಾಳ, ‘ಹಿಂಗೇನ?’
ಹೆಬ್ಬೆರಳು ಒಳಗ ಸೇರಿಕೊಂಡೈತಿ.
‘ಒಳಗಿದ್ರ ಮುರೀತೈತಿ, ಆಯಿ’ ಅಂತ
ಬಿಡಿಸಿ ಹೊರಗ ಇಟ್ಟೆ.
‘ನೂಲು ಹಿಡದ ಕೈಯವಾ ಇದು’ ಅಂದ್ಲು,
ಒಂದೀಟು ಹೊತ್ತು ಹಂಗಽ ಹಿಡಕೊಂಡು ನೋಡಿದ್ಲು.
ದೀಪ ಆರಿಸೂ ಮುಂದ ನೋಡತೇನಿ,
ಮತ್ತ ಒಳಗ.
ನಾಳೆ ಇನ್ನೊಮ್ಮೆ ಹೇಳಬೇಕು.